ನೂರು ಕೋಟಿಯಲ್ಲಿ ಒಂದು ಪಾಲು: ತೆಂಗಿನ ಸೀಮೆಯ ಮಣ್ಣಿನಲ್ಲಿ ಲೋಹ ಅಳೆಯುವ ಬಗೆ

ತಿಪಟೂರು: ನೀರು ಬತ್ತಿದ ಹಳ್ಳವೊಂದರ ಬದಿಯಲ್ಲಿ ಜೀಪು ನಿಲ್ಲುತ್ತದೆ. ಇಳಿದ ಇಬ್ಬರು ಮೂವರು ಹಳ್ಳದ ನಡುವಿನಿಂದ ಮರಳು ಮಿಶ್ರಿತ ಮಣ್ಣು ತೆಗೆದು, ಜರಡಿ ಹಿಡಿದು, ಚೀಲಕ್ಕೆ ತುಂಬಿ, ಅದರ ಮೇಲೊಂದು ಸಂಖ್ಯೆ ಬರೆದು ಹೊರಟುಬಿಡುತ್ತಾರೆ. ಸಂಜೆಯ ವೇಳೆಗೆ ಊರಿನ ಅರಳಿಕಟ್ಟೆಯ ಮೇಲೆ ಸುದ್ದಿ ಸಿದ್ಧವಾಗಿರುತ್ತದೆ: 'ನಮ್ಮೂರ ಹಳ್ಳದಲ್ಲಿ ಚಿನ್ನ ಸಿಕ್ಕಿದೆಯಂತೆ.' ಅದರ ಬೆನ್ನಿಗೇ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ: 'ಹಾಗಾದರೆ ನಮ್ಮ ತೋಟದ ಗತಿ?'

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಈ ಎರಡನೆಯ ಪ್ರಶ್ನೆ ಹಗುರವಾದುದಲ್ಲ. ತೆಂಗಿನ ಸಸಿ ನೆಟ್ಟವನು ಫಲಕ್ಕಾಗಿ ಹಲವು ವರ್ಷ ಕಾಯುತ್ತಾನೆ; ಮರ ತಲೆಮಾರುಗಳ ಕಾಲ ನಿಲ್ಲುತ್ತದೆ. ಅಂತಹ ನೆಲದ ಬಗ್ಗೆ ಪ್ರಯೋಗಾಲಯವೊಂದು ಕೊಡುವ ಅಂಕಿಗೆ ಎಷ್ಟು ಬೆಲೆ ಕೊಡಬೇಕು? ಆ ಅಂಕಿ ಹುಟ್ಟುವ ಬಗೆ ಹೇಗೆ, ಅದು ತಪ್ಪುವುದು ಎಲ್ಲಿ ಎಂಬುದನ್ನು ತಿಳಿದರೆ ಮಾತ್ರ ಇದಕ್ಕೆ ಉತ್ತರ ಸಿಗುತ್ತದೆ.

ಮೊದಲು ನೆಲದ ಸಂಗತಿ. ಗದಗದಿಂದ ಆರಂಭವಾಗಿ ಚಿತ್ರದುರ್ಗದ ಮೂಲಕ ದಕ್ಷಿಣಕ್ಕೆ ಹಾದುಬರುವ ಪುರಾತನ ಶಿಲೆಗಳ ಪಟ್ಟಿಯೊಂದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಬೆಟ್ಟಸಾಲಾಗಿ ಕಾಣಿಸಿಕೊಳ್ಳುತ್ತದೆ. ಭೂವಿಜ್ಞಾನಿಗಳು ಇದನ್ನು ಚಿತ್ರದುರ್ಗ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು ಈ ಪಟ್ಟಿಯ ಸ್ವತ್ತು. ತಿಪಟೂರಿನ ಸುತ್ತಣ ಬಯಲಿನ ಅಡಿಯಲ್ಲಿ ಹೆಚ್ಚಾಗಿ ಇರುವುದು ಬೇರೆಯೇ ಶಿಲೆ: ಗ್ರಾನೈಟಿಗೆ ಹತ್ತಿರದ ನೈಸ್. ತುರುವೇಕೆರೆಯ ಪಶ್ಚಿಮಕ್ಕೆ, ಜಿಲ್ಲೆಯ ಗಡಿ ದಾಟಿದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿ. ಅಲ್ಲಿ ಬೈರಾಪುರದ ಕ್ರೋಮೈಟ್ ಗಣಿ, ತಗಡೂರಿನ ವೆನೇಡಿಯಂ ಮಿಶ್ರಿತ ಮ್ಯಾಗ್ನಟೈಟ್. ಮೂರು ತಾಲ್ಲೂಕುಗಳಲ್ಲಿ ಮೇಲಿನ ತೋಟ ಒಂದೇ ಬಗೆಯದಾಗಿ ಕಂಡರೂ ಕೆಳಗಿನ ಕಲ್ಲು ಒಂದೇ ಅಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಚಿನ್ನದ ಮಾತು ಇಲ್ಲಿ ಹೊಸದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಳ್ಳಾರದಲ್ಲಿ ಹಳೆಯ ಚಿನ್ನದ ಗುಂಡಿಗಳಿವೆ. ಹೊನ್ನೇಬಾಗಿ ಎಂಬ ಊರಿನ ಹೆಸರಿನಲ್ಲೇ ಹೊನ್ನಿದೆ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮೈಸೂರು ಸಂಸ್ಥಾನದ ಚಿನ್ನದ ನೆಲೆಗಳನ್ನು ಸುತ್ತಿ ನೋಡಿದ್ದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಪಕ್ಕದ ಸಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಹಿಂದೆ ಅದಿರು ತೆಗೆದಿತ್ತು. ಇದೇ ಪಟ್ಟಿಯ ಉತ್ತರದ ತುದಿಯಲ್ಲಿ, ಕಪ್ಪತಗುಡ್ಡದ ಹಳ್ಳಗಳಲ್ಲಿ, ಮಳೆಗಾಲ ಮುಗಿದ ಮೇಲೆ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರು ಇದ್ದರು. ಬೆಟ್ಟದ ಮೇಲೆ ಏನಿದೆ ಎಂಬುದನ್ನು ಹಳ್ಳದ ಮರಳು ಹೇಳುತ್ತದೆ ಎಂಬ ಅವರ ತಿಳಿವಳಿಕೆಯೇ ಇಂದಿನ ಭೂರಾಸಾಯನಿಕ ಅನ್ವೇಷಣೆಯ ಬುನಾದಿ. ವ್ಯತ್ಯಾಸವಿಷ್ಟೆ: ಜಾಲಗಾರರಿಗೆ ಕಣ್ಣಿಗೆ ಕಾಣುವ ಕಣ ಬೇಕಿತ್ತು, ಪ್ರಯೋಗಾಲಯ ಕಾಣದ ಕಣವನ್ನೂ ಎಣಿಸುತ್ತದೆ.

ಒಂದು ಅಕ್ಕಿ ಕಾಳಿನ ಲೆಕ್ಕ

ಅಳತೆಯ ಏಕಮಾನ ಎರಡು. ಹತ್ತು ಲಕ್ಷದಲ್ಲಿ ಒಂದು ಪಾಲಿದ್ದರೆ ಅದು ಪಿಪಿಎಂ. ಒಂದು ಟನ್ ಮಣ್ಣಿನಲ್ಲಿ ಒಂದು ಗ್ರಾಂ. ನೂರು ಕೋಟಿಯಲ್ಲಿ ಒಂದು ಪಾಲಿದ್ದರೆ ಅದು ಪಿಪಿಬಿ. ಒಂದು ಟನ್ನಿನಲ್ಲಿ ಒಂದು ಮಿಲಿಗ್ರಾಂ. ಒಂದು ಅಕ್ಕಿ ಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ. ತಿಪಟೂರಿನ ಮಾರುಕಟ್ಟೆಯಿಂದ ಹೊರಟ ಎರಡು ಲಾರಿಗಳಲ್ಲಿ ಒಟ್ಟು 20 ಟನ್ ಕೊಬ್ಬರಿ ಇದೆ ಎಂದುಕೊಂಡರೆ, ಅದರೊಳಗೆ ಬಿದ್ದ ಒಂದೇ ಒಂದು ಅಕ್ಕಿ ಕಾಳು ಒಂದು ಪಿಪಿಬಿ. ಭೂಮಿಯ ಹೊರಪದರದ ಸಾಮಾನ್ಯ ಕಲ್ಲಿನಲ್ಲಿ ಚಿನ್ನ ಇರುವುದು ಒಂದರಿಂದ ನಾಲ್ಕು ಪಿಪಿಬಿ ಮಾತ್ರ. ಆದ್ದರಿಂದ 'ಚಿನ್ನ ಸಿಕ್ಕಿದೆ' ಎಂಬ ಮಾತು ಯಾವ ಊರಿನ ಮಣ್ಣಿನ ಬಗ್ಗೆ ಹೇಳಿದರೂ ಸುಳ್ಳಲ್ಲ, ಉಪಯೋಗವೂ ಇಲ್ಲ. ಗಣಿಗೆ ಬೇಕಾದುದು ಟನ್ನಿಗೆ ಒಂದೆರಡು ಗ್ರಾಂ ಅಥವಾ ಅದಕ್ಕೂ ಹೆಚ್ಚು. ಅಂದರೆ ಸಾಮಾನ್ಯ ಕಲ್ಲಿನಲ್ಲಿರುವುದಕ್ಕಿಂತ ನೂರಾರು, ಸಾವಿರಾರು ಪಟ್ಟು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ (ಜಿಎಸ್‌ಐ) ರಾಷ್ಟ್ರೀಯ ಭೂರಾಸಾಯನಿಕ ನಕ್ಷಾ ಕಾರ್ಯಕ್ರಮ 2001ರ ಸುಮಾರಿಗೆ ಆರಂಭವಾಯಿತು. ಅದರ ಕ್ರಮ ಹೀಗಿದೆ: ಪ್ರತಿ ಚದರ ಕಿಲೋಮೀಟರಿನಿಂದ ಹಳ್ಳದ ಹೂಳು ತೆಗೆದು, ನಾಲ್ಕು ಚದರ ಕಿಲೋಮೀಟರಿನ ಮಾದರಿಗಳನ್ನು ಬೆರೆಸಿ, 120 ಮೆಷ್ ಜರಡಿಯಲ್ಲಿ, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಅರವತ್ತಕ್ಕೂ ಹೆಚ್ಚು ಧಾತುಗಳಿಗಾಗಿ ಪರೀಕ್ಷಿಸುವುದು. ಒಂದು ನಕ್ಷಾ ಹಾಳೆಯ ವ್ಯಾಪ್ತಿ ನಮ್ಮ ಭಾಗದಲ್ಲಿ ಸುಮಾರು 740 ಚದರ ಕಿಲೋಮೀಟರು. ಹಾಳೆಯೊಂದಕ್ಕೆ 180ಕ್ಕೂ ಹೆಚ್ಚು ಮಾದರಿಗಳು ಬೇಕಾಗುತ್ತವೆ. ನಾಲ್ಕು ಚದರ ಕಿಲೋಮೀಟರೆಂದರೆ ಸುಮಾರು 990 ಎಕರೆ. ನಕ್ಷೆಯ ಮೇಲಿನ ಒಂದು ಚುಕ್ಕೆ ಅಷ್ಟೂ ನೆಲದ ಸರಾಸರಿಯನ್ನು ಹೇಳುತ್ತದೆಯೇ ಹೊರತು ಇಂಥವರ ಸರ್ವೆ ನಂಬರಿನ ತೋಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ತೆಂಗಿನ ಸೀಮೆಯಲ್ಲಿ ಈ ಕೆಲಸ ಪುಸ್ತಕದಲ್ಲಿ ಬರೆದಷ್ಟು ಸುಲಭವಲ್ಲ. ಹಳ್ಳ ಹರಿಯುವ ದಾರಿಯಲ್ಲೆಲ್ಲ ಕೆರೆಗಳಿವೆ, ಚೆಕ್ ಡ್ಯಾಂಗಳಿವೆ. ಮೇಲಿನ ಬೆಟ್ಟದ ಹೂಳು ಕೆಳಗೆ ಬರುವ ಮೊದಲೇ ಅಲ್ಲಿ ನಿಲ್ಲುತ್ತದೆ. ಆ ಕೆರೆಯ ಗೋಡನ್ನು ರೈತರು ತೋಟಕ್ಕೆ ಹೊಡೆಸುತ್ತಾರೆ. ಹೀಗಾಗಿ ತೋಟದ ಮೇಲ್ಮಣ್ಣು ಆ ಜಾಗದ ಕಲ್ಲಿನಿಂದ ಹುಟ್ಟಿದ್ದೇ ಆಗಿರಬೇಕೆಂದಿಲ್ಲ. ತೆಂಗಿನ ಸುಳಿ ಕೊಳೆ ರೋಗಕ್ಕೂ ಅಡಿಕೆಯ ಕೊಳೆ ರೋಗಕ್ಕೂ ಬಳಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ರಂಜಕದ ಗೊಬ್ಬರದ ಜೊತೆಯಲ್ಲಿ ಅಲ್ಪ ಪ್ರಮಾಣದ ಕ್ಯಾಡ್ಮಿಯಂ, ಯುರೇನಿಯಂ ಬರುತ್ತವೆ. ತಾಮ್ರ ಹೆಚ್ಚೆಂದು ಕಂಡಲ್ಲಿ ತಾಮ್ರದ ಅದಿರಿದೆಯೋ, ಔಷಧಿ ಹೊಡೆದ ತೋಟವಿದೆಯೋ ಎಂಬುದನ್ನು ಯಂತ್ರ ಹೇಳುವುದಿಲ್ಲ. ಮಾದರಿ ತೆಗೆದವರ ನೋಟ್ ಪುಸ್ತಕ ಹೇಳಬೇಕು.

ಮಾದರಿ ತೆಗೆಯುವವರು ಕೈಯಲ್ಲಿ ಉಂಗುರ ಹಾಕಿರಬಾರದು ಎಂಬ ನಿಯಮವೂ ಇದೆ. ಮೊದಲ ಸಲ ಕೇಳಿದಾಗ ಈ ವರದಿಗಾರನಿಗೆ ಅತಿರೇಕವೆನಿಸಿತ್ತು. ಲೆಕ್ಕ ಹಾಕಿದ ಮೇಲೆ ಹಾಗೆನಿಸಲಿಲ್ಲ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಡ್ಡಳತೆಯ ಚಿನ್ನದ ಗುಂಡೊಂದು ತೂಗುವುದು ಸುಮಾರು 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದ ಒಂದು ಭಾಗ. ಅಂತಹ ಒಂದೇ ಕಣ 50 ಗ್ರಾಂ ಪುಡಿಯ ಪೊಟ್ಟಣಕ್ಕೆ ಬಿದ್ದರೆ ಫಲಿತಾಂಶ 200 ಪಿಪಿಬಿ ಹೆಚ್ಚಾಗುತ್ತದೆ. ಸಾಮಾನ್ಯ ಮಣ್ಣು ಏಕಾಏಕಿ ಐವತ್ತು ಪಟ್ಟಿಗೂ ಮೀರಿ 'ಶ್ರೀಮಂತ'ವಾಗುತ್ತದೆ.

ಇದೇ ಲೆಕ್ಕ ಉಂಗುರವಿಲ್ಲದವರನ್ನೂ ಕಾಡುತ್ತದೆ. ಚಿನ್ನ ಮಣ್ಣಿನಲ್ಲಿ ಉಪ್ಪಿನಂತೆ ಕರಗಿರುವುದಿಲ್ಲ, ಕಣಗಳಾಗಿರುತ್ತದೆ. ಒಂದೇ ಚೀಲದಿಂದ ತೆಗೆದ ಎರಡು ಪೊಟ್ಟಣಗಳಲ್ಲಿ ಒಂದಕ್ಕೆ ಕಣ ಸಿಕ್ಕಿ, ಇನ್ನೊಂದಕ್ಕೆ ಸಿಗದೇ ಹೋಗಬಹುದು. ಎರಡೂ ಪರೀಕ್ಷೆ ಸರಿಯಾಗಿಯೇ ನಡೆದಿರುತ್ತದೆ. ಎರಡು ಉತ್ತರಗಳಿಗೆ ಮಾತ್ರ ತಾಳೆಯಾಗುವುದಿಲ್ಲ. ಹೆಚ್ಚು ತೂಕದ ಮಾದರಿ, ಇನ್ನಷ್ಟು ನುಣ್ಣಗಿನ ಪುಡಿ, ಮತ್ತೆ ಮತ್ತೆ ಪರೀಕ್ಷೆ ಇವಷ್ಟೇ ಇದಕ್ಕೆ ಪರಿಹಾರ. ಪುಡಿ ಮಾಡುವ ಯಂತ್ರವೂ ನಂಬಿಗಸ್ತನಲ್ಲ. ಉಕ್ಕಿನ ದವಡೆ ಕಬ್ಬಿಣ, ಕ್ರೋಮಿಯಂ ಸೇರಿಸುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲು ಟಂಗ್‌ಸ್ಟನ್ನನ್ನೂ ಕೋಬಾಲ್ಟನ್ನೂ ಬಿಡುತ್ತದೆ. ಸೂಕ್ಷ್ಮ ಪರೀಕ್ಷೆಗೆ ಅಗೇಟ್ ಕಲ್ಲಿನ ಒರಳು ಬಳಸುವುದು ಈ ಕಾರಣಕ್ಕೆ.

ಪುಟವಿಟ್ಟ ಚಿನ್ನ

ಚಿನ್ನದ ಅಳತೆಯ ಅತ್ಯಂತ ಹಳೆಯ ವಿಧಾನ ಇಂದಿಗೂ ಕೈಬಿಟ್ಟುಹೋಗಿಲ್ಲ. ಅಕ್ಕಸಾಲಿಗರು 'ಪುಟವಿಡುವುದು' ಎನ್ನುವ ಕ್ರಿಯೆಯ ದೊಡ್ಡಣ್ಣನೇ ಅದು. ಕಲ್ಲಿನ ಪುಡಿಗೆ ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ ಮತ್ತು ಒಂದಿಷ್ಟು ಹಿಟ್ಟು ಬೆರೆಸಿ ಮೂಸೆಯಲ್ಲಿಟ್ಟು ಸಾವಿರ ಡಿಗ್ರಿಗೂ ಹೆಚ್ಚು ಶಾಖದಲ್ಲಿ ಕರಗಿಸುತ್ತಾರೆ. ಹಿಟ್ಟು ಸುಟ್ಟು ಇಂಗಾಲವಾಗಿ ಸೀಸದ ಆಕ್ಸೈಡನ್ನು ಸೀಸವಾಗಿಸುತ್ತದೆ. ಸೀಸದ ಸಣ್ಣ ಹನಿಗಳು ಕರಗಿದ ಕಲ್ಲಿನ ನಡುವೆ ಮಳೆಯಂತೆ ಇಳಿಯುತ್ತಾ ದಾರಿಯಲ್ಲಿ ಸಿಕ್ಕ ಚಿನ್ನವನ್ನೆಲ್ಲ ತಮ್ಮೊಳಗೆ ಸೇರಿಸಿಕೊಂಡು ತಳದಲ್ಲಿ ಗುಂಡಿಯಾಗಿ ನಿಲ್ಲುತ್ತವೆ. ಆ ಸೀಸದ ಗುಂಡಿಯನ್ನು ಮೂಳೆಯ ಬೂದಿ ಅಥವಾ ಮೆಗ್ನೀಷಿಯಾದ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿಕೊಳ್ಳುತ್ತದೆ. ಚಿನ್ನ ಬೆಳ್ಳಿಗಳ ಸಣ್ಣ ಮಣಿ ಉಳಿಯುತ್ತದೆ. ಆ ಮಣಿಯನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುತ್ತಾರೆ. 30 ಅಥವಾ 50 ಗ್ರಾಂ ಪುಡಿಯನ್ನು ಒಂದೇ ಸಲಕ್ಕೆ ಬಳಸಬಹುದು ಎಂಬುದೇ ಇದರ ದೊಡ್ಡ ಅನುಕೂಲ. ಮೇಲೆ ಹೇಳಿದ ಕಣದ ತೊಂದರೆಗೆ ಇದು ತಕ್ಕಮಟ್ಟಿಗಿನ ಮದ್ದು.

ಉಳಿದ ಲೋಹಗಳಿಗೆ ಪುಡಿಯನ್ನು ನೇರವಾಗಿ ಆಮ್ಲದಲ್ಲಿ ಕರಗಿಸಲಾಗುತ್ತದೆ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವಾದ ಅಕ್ವಾ ರೇಜಿಯಾ ಚಿನ್ನವನ್ನೂ ಗಂಧಕದ ಅದಿರುಗಳನ್ನೂ ಕರಗಿಸುತ್ತದೆ. ಆದರೆ ನುಗ್ಗೇಹಳ್ಳಿ ಪಟ್ಟಿಯ ಕ್ರೋಮೈಟ್ ಅದಕ್ಕೆ ಜಗ್ಗುವುದಿಲ್ಲ. ಹೈಡ್ರೋಫ್ಲೋರಿಕ್ ಸೇರಿದ ನಾಲ್ಕು ಆಮ್ಲಗಳ ಮಿಶ್ರಣಕ್ಕೂ ಅದು ಪೂರ್ತಿಯಾಗಿ ಕರಗದೆ ಉಳಿಯಬಹುದು. ಕ್ಷಾರದ ಜೊತೆ ಕರಗಿಸಿ ಗಾಜಿನಂತೆ ಮಾಡಬೇಕು. ಒಂದೇ ಮಣ್ಣಿಗೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಕ್ರೋಮಿಯಂ ಅಂಕಿ ಕೊಟ್ಟರೆ ಒಂದು ಸುಳ್ಳು ಎಂದು ತೀರ್ಮಾನಿಸುವ ಮೊದಲು ಯಾವ ಆಮ್ಲ ಬಳಸಿದರೆಂದು ಕೇಳುವುದು ಲೇಸು.

ಕರಗಿದ ದ್ರಾವಣವನ್ನು ಅಳೆಯುವ ಯಂತ್ರಗಳಲ್ಲಿ ಮುಖ್ಯವಾದವು ಎರಡು. ಆಸ್ಟ್ರೇಲಿಯಾದ ಅಲನ್ ವಾಲ್ಷ್ 1955ರಲ್ಲಿ ವಿವರಿಸಿದ ಪರಮಾಣು ಹೀರಿಕೆ ವಿಧಾನದಲ್ಲಿ, ಯಾವ ಲೋಹ ಬೇಕೋ ಆ ಲೋಹದಿಂದಲೇ ಮಾಡಿದ ದೀಪದ ಬೆಳಕನ್ನು ಮಾದರಿಯ ಆವಿಯ ಮೂಲಕ ಹಾಯಿಸುತ್ತಾರೆ. ಎಷ್ಟು ಬೆಳಕು ಕಡಿಮೆಯಾಯಿತೋ ಅಷ್ಟು ಲೋಹವಿದೆ. ಎರಡನೆಯದು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಐಸಿಪಿ-ಎಂಎಸ್. ಆರ್ಗಾನ್ ಅನಿಲದ, ಸಾವಿರಾರು ಡಿಗ್ರಿಗಳ ಪ್ಲಾಸ್ಮಾ ಜ್ವಾಲೆಯಲ್ಲಿ ದ್ರಾವಣವನ್ನು ಅಯಾನುಗಳಾಗಿ ಒಡೆದು, ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಹತ್ತಾರು ಧಾತುಗಳನ್ನು ಕೆಲವೇ ನಿಮಿಷಗಳಲ್ಲಿ ಅಳೆಯಬಲ್ಲದು.

ಆದರೆ ತೂಕ ನೋಡಿ ಗುರುತಿಸುವ ಯಂತ್ರ ತೂಕ ಒಂದೇ ಆದರೆ ಮೋಸ ಹೋಗುತ್ತದೆ. ಈ ಭಾಗದ ಚಿನ್ನದ ಶೋಧದಲ್ಲಿ ಇದು ನೇರವಾಗಿ ಎದುರಾಗುವ ಸಮಸ್ಯೆ. ಅಜ್ಜನಹಳ್ಳಿಯ ಚಿನ್ನ ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆಯಲ್ಲಿದೆ. ಆಳದಿಂದ ಬಂದ ಬಿಸಿ ದ್ರವದಲ್ಲಿ ಚಿನ್ನ ಗಂಧಕದ ಜೊತೆ ಕೂಡಿ ಕರಗಿತ್ತು; ಕಬ್ಬಿಣ ಎದುರಾದಾಗ ಗಂಧಕ ಅದರ ಜೊತೆ ಸೇರಿತು, ಆಸರೆ ತಪ್ಪಿದ ಚಿನ್ನ ಅಲ್ಲಿಯೇ ಉಳಿಯಿತು. ಅದರ ಒಡನಾಡಿಯಾಗಿ ಆರ್ಸೆನಿಕ್ ಇರುವ ಖನಿಜವೂ ಹುಟ್ಟಿತು. ಚಿನ್ನ ಕಣಕಣವಾಗಿ ಕಣ್ಣುಮುಚ್ಚಾಲೆ ಆಡಿದರೂ ಆರ್ಸೆನಿಕ್ ಹೆಚ್ಚು ವಿಸ್ತಾರಕ್ಕೆ, ಹೆಚ್ಚು ಸಮನಾಗಿ ಹರಡಿರುತ್ತದೆ; ಆದ್ದರಿಂದ ಶೋಧಕರು ಮೊದಲು ಆರ್ಸೆನಿಕ್ಕಿನ ಜಾಡು ಹಿಡಿಯುತ್ತಾರೆ. ಆರ್ಸೆನಿಕ್ಕಿನ ತೂಕ 75. ಪ್ಲಾಸ್ಮಾದ ಆರ್ಗಾನ್ 40, ಕರಗಿಸಲು ಬಳಸಿದ ಆಮ್ಲದ ಕ್ಲೋರಿನ್ 35. ಎರಡೂ ಅಂಟಿಕೊಂಡರೆ ಅದೂ 75! ಕಲ್ಲಿನಲ್ಲಿಲ್ಲದ ಆರ್ಸೆನಿಕ್ ಯಂತ್ರದೊಳಗೆ ಹುಟ್ಟುತ್ತದೆ. ಹಾಗೆಯೇ ಟ್ಯಾಂಟಲಂ 181, ಆಮ್ಲಜನಕ 16. ಕೂಡಿದರೆ 197, ಅದು ಚಿನ್ನದ ತೂಕ. ದಕ್ಷಿಣಕ್ಕೆ ಮಂಡ್ಯ ಜಿಲ್ಲೆಯ ಕಡೆ ಇರುವಂತಹ ಪೆಗ್ಮಟೈಟ್ ಶಿಲೆಯಲ್ಲಿ ಟ್ಯಾಂಟಲಂ ಇರುವುದರಿಂದ ಈ ಹುಸಿ ಚಿನ್ನದ ಬಗ್ಗೆ ಎಚ್ಚರ ಬೇಕು. ಇಂತಹ ಜೋಡಿಗಳನ್ನು ದಾರಿಯಲ್ಲೇ ಒಡೆಯುವ ಏರ್ಪಾಡು ಈಗಿನ ಯಂತ್ರಗಳಲ್ಲಿದೆ. ಅದನ್ನು ಸರಿಯಾಗಿ ಬಳಸಿದ್ದಾರೆಯೇ ಎಂಬುದನ್ನು ತೋರಿಸಲು ಪ್ರಮಾಣೀಕೃತ ಮಾದರಿ ಬೇಕು.

ಪ್ರಮಾಣೀಕೃತ ಮಾದರಿ ಎಂದರೆ ಉತ್ತರ ಮೊದಲೇ ಗೊತ್ತಿರುವ ಪುಡಿ. ಮಾದರಿಗಳ ಸಾಲಿನ ನಡುವೆ ಅದನ್ನೂ, ಲೋಹವಿಲ್ಲದ ಖಾಲಿ ಪುಡಿಯನ್ನೂ, ಒಂದೇ ಮಾದರಿಯ ಎರಡು ಪ್ರತಿಗಳನ್ನೂ ಗುಟ್ಟಾಗಿ ಸೇರಿಸುತ್ತಾರೆ. ಖಾಲಿ ಪುಡಿಯಲ್ಲಿ ಚಿನ್ನ ಕಂಡರೆ ಇಡೀ ತಂಡದ ಫಲಿತಾಂಶ ಅನುಮಾನಕ್ಕೆ ಒಳಗಾಗುತ್ತದೆ. ಈಚೆಗೆ ಗಣಿ ಪ್ರದೇಶಗಳಲ್ಲಿ ಕಾಣುವ, ಕೈಯಲ್ಲಿ ಹಿಡಿಯುವ ಎಕ್ಸ್-ರೇ 'ಗನ್' ಬಗ್ಗೆಯೂ ಒಂದು ಮಾತು: ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂಗೆ ಅದು ಒಳ್ಳೆಯ ಸಲಕರಣೆ. ಪಿಪಿಬಿ ಮಟ್ಟದ ಚಿನ್ನ ಅದಕ್ಕೆ ಕಾಣುವುದೇ ಇಲ್ಲ. ತೋಟಕ್ಕೆ ಬಂದು ಮಣ್ಣಿಗೆ ಗನ್ ಹಿಡಿದು 'ಚಿನ್ನವಿದೆ' ಎನ್ನುವವರನ್ನು ಟೀ ಕೊಟ್ಟು ಕಳುಹಿಸಬಹುದು.

ಹೆಚ್ಚು ಎಂದರೆ ಯಾವುದಕ್ಕಿಂತ?

ಅಂಕಿ ಸರಿಯಾಗಿಯೇ ಬಂದಿತೆನ್ನೋಣ. ಒಂದು ಮಾದರಿಯಲ್ಲಿ ನಿಕ್ಕಲ್ 80 ಪಿಪಿಎಂ ಇದೆ. ಇದು ಹೆಚ್ಚೋ ಕಡಿಮೆಯೋ? ತಿಪಟೂರಿನ ಗ್ರಾನೈಟ್ ಬಗೆಯ ನೆಲದಲ್ಲಿ ನಿಕ್ಕಲ್ ಕೆಲವೇ ಪಿಪಿಎಂ, ಹೆಚ್ಚೆಂದರೆ ಹತ್ತಾರು. ಅಲ್ಲಿ 80 ಬಂದರೆ ವಿಚಾರಿಸಬೇಕಾದ ಸಂಗತಿ. ಅದೇ 80 ನುಗ್ಗೇಹಳ್ಳಿ ಪಟ್ಟಿಯ ಅಲ್ಟ್ರಾಮಾಫಿಕ್ ಶಿಲೆಯ ಮೇಲೆ ಬಂದರೆ ಬಹಳ ಕಡಿಮೆ; ಆ ಶಿಲೆಯಲ್ಲಿ ಸಹಜವಾಗಿಯೇ ನಿಕ್ಕಲ್ ಸಾವಿರದಿಂದ ಎರಡು ಸಾವಿರ ಪಿಪಿಎಂ ಇರುತ್ತದೆ. ಸರಾಸರಿಗೆ ಎರಡು ಪ್ರಮಾಣ ವಿಚಲನೆ ಸೇರಿಸಿ ಗೆರೆ ಎಳೆಯುವ ಹಳೆಯ ಸೂತ್ರವನ್ನು ಮೂರೂ ತಾಲ್ಲೂಕಿನ ಅಂಕಿಗಳನ್ನು ಒಟ್ಟುಗೂಡಿಸಿ ಪ್ರಯೋಗಿಸಿದರೆ, ಶಿಲೆಗಳ ನಕ್ಷೆ ಮತ್ತೊಮ್ಮೆ ಬಣ್ಣದಲ್ಲಿ ಬರುತ್ತದೆಯೇ ಹೊರತು ಅದಿರಿನ ಸುಳಿವು ಸಿಗುವುದಿಲ್ಲ. ಪ್ರತಿ ಶಿಲೆಗೂ ಅದರದೇ ಗೆರೆ ಬೇಕು.

ಚಿಕ್ಕನಾಯಕನಹಳ್ಳಿಯಲ್ಲಿ ಮ್ಯಾಂಗನೀಸ್ ಇನ್ನೊಂದು ತೊಡಕು. ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳು ನೀರಿನಲ್ಲಿ ಬರುವ ಕೋಬಾಲ್ಟ್, ಸತು, ತಾಮ್ರ, ಆರ್ಸೆನಿಕ್‌ಗಳನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಳ್ಳುತ್ತವೆ. ಕೋಬಾಲ್ಟ್ ಹೆಚ್ಚು ಕಂಡಲ್ಲಿ ಅದಿರಿಲ್ಲದೆ ಬರೀ ಕಪ್ಪು ಹೂಳು ಇದ್ದೀತು. ಆದುದರಿಂದ ಲೋಹದ ಅಂಕಿಯನ್ನು ಅದೇ ಮಾದರಿಯ ಮ್ಯಾಂಗನೀಸ್ ಅಂಕಿಯ ಪಕ್ಕದಲ್ಲಿಟ್ಟು ಓದುವುದು ರೂಢಿ.

ಅಸಹಜ ಮಟ್ಟದ ಚುಕ್ಕೆಯಿಂದ ಗಣಿಯವರೆಗಿನ ದಾರಿ ಎಷ್ಟು ದೂರ ಎಂಬುದಕ್ಕೆ ನಿದರ್ಶನಗಳಿವೆ. 2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ ಮೂರು ಸಾವಿರ ಟನ್ ಚಿನ್ನ ಪತ್ತೆಯಾಗಿದೆಯೆಂದು ಸುದ್ದಿಯಾಯಿತು. ನಮ್ಮಂಥ ಪತ್ರಿಕೆಯವರೂ ಅದನ್ನು ಹಿಂದೆಮುಂದೆ ನೋಡದೆ ಹಾಕಿದ್ದುಂಟು. ಜಿಎಸ್‌ಐ ಕೊಟ್ಟ ಸ್ಪಷ್ಟನೆಯಲ್ಲಿದ್ದುದು 52,806 ಟನ್ ಅದಿರು, ಟನ್ನಿಗೆ 3.03 ಗ್ರಾಂ. ಗುಣಿಸಿದರೆ ಸುಮಾರು 160 ಕಿಲೋ. ಅದೇ ವರ್ಷ ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ 14,100 ಟನ್ ಲಿಥಿಯಂ ಇರಬಹುದೆಂಬ ಅಂದಾಜು ಹೊರಬಿದ್ದಿತು. 2021ರಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ 1,600 ಟನ್ನಿಗೆ ಇಳಿಯಿತು. ಇವು ಅಂದಾಜಿನ ಎಡವಟ್ಟುಗಳು. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ನಡೆದದ್ದು ವಂಚನೆ: ಕೆನಡಾದ ಬ್ರೀ-ಎಕ್ಸ್ ಕಂಪನಿಯ ಕೊರೆತದ ಪುಡಿಗೆ ಹೊಳೆಯಿಂದ ತಂದ ಚಿನ್ನ ಬೆರೆಸಲಾಗಿತ್ತೆಂಬುದು 1997ರ ಮೇ ತಿಂಗಳಲ್ಲಿ ಸ್ವತಂತ್ರ ತಪಾಸಣೆಯಿಂದ ಬಯಲಾಯಿತು. ಪ್ರಯೋಗಾಲಯ ಕೊಟ್ಟ ಅಂಕಿಗಳು ಸರಿಯಾಗಿಯೇ ಇದ್ದವು, ಪುಡಿಯೇ ಸುಳ್ಳಾಗಿತ್ತು. ಕೊರೆದ ಕಲ್ಲಿನ ಅರ್ಧವನ್ನು ಮರುಪರೀಕ್ಷೆಗೆ ಉಳಿಸಿಕೊಳ್ಳುವ ಪದ್ಧತಿಯನ್ನು ಅಲ್ಲಿ ಪಾಲಿಸಿರಲಿಲ್ಲ.

ನಮ್ಮ ಜಿಲ್ಲೆಗೆ ಗಣಿಯ ನೆನಪು ಸಿಹಿಯಾದುದಲ್ಲ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಹಾಗಾಗಿ ಜೀಪು ಕಂಡೊಡನೆ ಜನ ಅನುಮಾನಪಡುವುದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಹಳ್ಳದ ಹೂಳಿನ ಮಾದರಿ ತೆಗೆಯುವುದರಿಂದ ಯಾರ ಜಮೀನೂ ಹೋಗುವುದಿಲ್ಲ ಎಂಬುದು ನಿಜ. ಆದರೆ ಏನು ತೆಗೆದೆವು, ಏಕೆ ತೆಗೆದೆವು ಎಂದು ಗ್ರಾಮ ಪಂಚಾಯಿತಿಗೆ ಎರಡು ಮಾತು ಹೇಳಿ ಹೋಗುವುದು ಕಷ್ಟದ ಕೆಲಸವೇನಲ್ಲ.

ಹೇಳಬೇಕಾದ ಇನ್ನೊಂದು ಕಾರಣವೂ ಇದೆ. ಇದೇ ಅಂಕಿಗಳು ಅದಿರಿಗಿಂತ ಹೆಚ್ಚಾಗಿ ನೀರಿಗೆ, ಬೆಳೆಗೆ ಉಪಯೋಗವಾಗಬಲ್ಲವು. ಚಿನ್ನದ ಸುಳಿವು ಕೊಡುವ ಆರ್ಸೆನಿಕ್ಕೇ ಕುಡಿಯುವ ನೀರಿನ ವಿಷ. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡ ಲೀಟರಿಗೆ 0.01 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಕ್ರೋಮಿಯಂಗೆ 0.05 ಮಿಲಿಗ್ರಾಂ. ನುಗ್ಗೇಹಳ್ಳಿಯ ಕ್ರೋಮೈಟ್ ಗಣಿಗಳ ಸುತ್ತಣ ಮಣ್ಣಿನಲ್ಲಿರುವ ಭಾರಲೋಹಗಳ ಬಗ್ಗೆ ವಿಜ್ಞಾನಿಗಳು ಅಧ್ಯಯನ ಪ್ರಕಟಿಸಿದ್ದಾರೆ. ಆದರೆ ಮಣ್ಣಿನ ಪಿಪಿಎಂ ಅನ್ನು ನೀರಿನ ಮಿತಿಯ ಜೊತೆ ಹೋಲಿಸಿ ಗಾಬರಿಯಾಗಬಾರದು: ಕ್ರೋಮೈಟ್ ಹರಳಿನೊಳಗೆ ಬಂದಿಯಾದ ಕ್ರೋಮಿಯಂ ಸುಲಭವಾಗಿ ನೀರಿಗಿಳಿಯುವುದಿಲ್ಲ. ಬೋರ್‌ವೆಲ್ ನೀರಿನ ಪ್ರಶ್ನೆಗೆ ಬೋರ್‌ವೆಲ್ ನೀರನ್ನೇ ಪರೀಕ್ಷಿಸಬೇಕು. ತೆಂಗಿನ ಗರಿ ಸುರುಟಲು ಕಾರಣವಾಗುವ ಬೋರಾನ್ ಕೊರತೆ, ಸತುವಿನ ಕೊರತೆಗಳ ವಿಷಯವೂ ಅಷ್ಟೇ. ಅದಿರು ಶೋಧಕರು ಮಣ್ಣಿನಲ್ಲಿರುವ ಸತುವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ, ಕೃಷಿ ಪ್ರಯೋಗಾಲಯ ಬೇರಿಗೆ ದಕ್ಕುವ ಸತುವನ್ನು ಮಾತ್ರ ಅಳೆಯುತ್ತದೆ. ಒಂದರ ಅಂಕಿ ಇನ್ನೊಂದರ ಬದಲಿಗೆ ನಡೆಯದು. ತೋಟದ ಮಣ್ಣಿನ ಪರೀಕ್ಷೆಗೆ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.

ಜಿಎಸ್‌ಐ ಸಂಗ್ರಹಿಸಿದ ಭೂರಾಸಾಯನಿಕ ಮಾಹಿತಿ ಅದರ 'ಭೂಕೋಶ್' ತಾಣದಲ್ಲಿಯೂ, 2023ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲಿಯೂ ಸಾರ್ವಜನಿಕರಿಗೆ ದೊರೆಯುತ್ತದೆ. ಇಂತಹ ಪಟ್ಟಿಗಳನ್ನು ತೆರೆದು ನೋಡುವವರು ಮೊದಲು ಅಂಕಣದ ನೆತ್ತಿಯಲ್ಲಿ ಪಿಪಿಎಂ ಎಂದಿದೆಯೋ ಪಿಪಿಬಿ ಎಂದಿದೆಯೋ ಗಮನಿಸಬೇಕು. ಅಲ್ಲಿ ತಪ್ಪಿದರೆ ಸಾವಿರ ಪಟ್ಟು ತಪ್ಪುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಅಂಕಿಯ ಹಿಂದೆ 'ಕಡಿಮೆ' ಎಂಬ ಚಿಹ್ನೆ ಇದ್ದರೆ ಯಂತ್ರಕ್ಕೆ ಅದಕ್ಕಿಂತ ಕೆಳಗೆ ಕಾಣಿಸಲಿಲ್ಲ ಎಂದು ಅರ್ಥ, ಲೋಹ ಇಲ್ಲವೆಂದಲ್ಲ. ಆ ಮಿತಿಗಿಂತ ಸ್ವಲ್ಪವೇ ಮೇಲಿರುವ ಅಂಕಿಯನ್ನು, ಅದೇ ಚೀಲದ ಎರಡನೆಯ ಪೊಟ್ಟಣದ ಫಲಿತಾಂಶ ಬರುವವರೆಗೆ, ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.